ಪಾಲಾಗದ ಹೊಲ

ಊರು ಎಲ್ಲಿಗೆ ಮುಗಿದು ಹೊಲ ಎಲ್ಲಿಂದ ಶುರುವಾಗಬೇಕೆಂಬುದನ್ನು ಅಮೆರಿಕದ ನಮ್ಮ ಆರೆಗಾನ್ ರಾಜ್ಯದಲ್ಲಿ ಒಂದು ಗೆರೆ ಹೇಳುತ್ತದೆ. ನಮ್ಮ ನಗರದ ಸುತ್ತ ಕಾನೂನು ಎಳೆಸಿದ ಆ ಗೆರೆಯನ್ನು ಮೂವತ್ತಮೂರು ವರ್ಷ ಕಾದವರು ಶ್ರೀಮತಿ ಇಂಗ್ರಿಡ್ ಸೋಲ್ಬರ್ಗ್. ಹೊಗಳುವವರು ವಿರಳರಾಗಿ ಬೈಯುವವರೇ ಹೇರಳವಾಗಿರುವ ನಗರ ಯೋಜನೆಯ ಕ್ಷೇತ್ರದಲ್ಲಿ ಅವರಷ್ಟು ನೇರ ನಡೆಯವರನ್ನು ನಾನು ಕಂಡಿಲ್ಲ. ಅವರ ನಿವೃತ್ತಿಯ ಈ ಸಂಪುಟಕ್ಕೆ ಸಂತೋಷದ ಲೇಖನ ಬೇಕೆಂದು ಸಂಪಾದಕರು ಕೇಳಿದ್ದರು. ಅದು ನನ್ನ ಕೈಲಾಗಲಿಲ್ಲ, ಕ್ಷಮಿಸಬೇಕು.

ನಗರ ಯೋಜನೆಯ ಕಚೇರಿಗೆ ನಾನು ಅವರ ಸಹಾಯಕನಾಗಿ ಸೇರಿದ ಮೊದಲ ವಾರವೇ ಅವರು ನನ್ನ ಕೈಗೆ ಗುದ್ದಲಿ ಕೊಟ್ಟು ಗೆರೆಯ ಆಚೆಗೆ ಕರೆದೊಯ್ದರು. ನಕ್ಷೆಯಲ್ಲಿ ಬಣ್ಣ ತುಂಬುವ ಮುನ್ನ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಬೇಕೆಂಬುದು ಅವರ ಕಟ್ಟಪ್ಪಣೆ. ಊರು ಬೆಳೆಯುವಾಗ ಕಳಪೆ ಮಣ್ಣು ಮೊದಲು ಹೋಗಬೇಕು, ಒಳ್ಳೆಯ ಮಣ್ಣು ಕಟ್ಟಕಡೆಗೆ ಸಿಗಬೇಕು ಎನ್ನುತ್ತದೆ ಕಾನೂನು. ಉಳಿದವರು ಅದನ್ನು ಓದಿದ್ದರು, ಇವರು ನಂಬಿದ್ದರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ಆರು ವಾರ ನನ್ನ ಪಾಲಿನ ವರದಿಗಳನ್ನೂ ತಾವೇ ಬರೆದು ಕೆಳಗೆ ನನ್ನ ಹೆಸರು ಹಾಕಿದ್ದರು. ಆ ಮಾತನ್ನು ಈವರೆಗೂ ಒಮ್ಮೆಯೂ ಎತ್ತಿಲ್ಲ.

ಆರ್ಲೀನ್ ಹರ್ಟಲ್ ಅವರ ಮನೆಗೆ ಹೋದದ್ದೂ ನಾನು ಸೇರಿದ ಆ ವರ್ಷವೇ. ತಂದೆ ತೀರಿಕೊಂಡ ಮೇಲೆ ನೂರ ಅರವತ್ತು ಎಕರೆಯ ಬಾದಾಮಿಯಂಥ ಹೇಜಲ್ ಕಾಯಿಯ ತೋಟ ಆರ್ಲೀನ್ ಮತ್ತು ಇಬ್ಬರು ತಮ್ಮಂದಿರಿಗೆ ಬಂದಿತ್ತು. ಸುತ್ತಲಿನವರೆಲ್ಲ ಮಾಡಿದಂತೆ ಐದೈದು ಎಕರೆ ತುಂಡು ಮಾಡಿ ಮನೆ ಕಟ್ಟುವವರಿಗೆ ಮಾರೋಣವೆಂದು ತಮ್ಮಂದಿರು ಹಟ ಹಿಡಿದಿದ್ದರು. ಇಂಗ್ರಿಡ್ ಅಡುಗೆಮನೆಯ ಮೇಜಿನ ಮುಂದೆ ಮೂರು ಗಂಟೆ ಕೂತರು.

“ಚೂರು ಮಾಡಿದ ಹೊಲ ಇವತ್ತಲ್ಲ ನಾಳೆ ಊರಾಗುತ್ತೆ. ಇಡಿಯಾಗಿರೋದನ್ನ ಯಾರೂ ಮುಟ್ಟಲ್ಲ, ನನ್ನ ಮಾತು ಕೇಳಿ” ಎಂದರು.

“ನಕ್ಷೆ ಬರೆಯೋರ ಮಾತು ಕೇಳಿ ಉದ್ಧಾರವಾದೋರಿಲ್ಲ ಅಂತಿದ್ರು ನಮ್ಮಪ್ಪ” ಎಂದು ನಕ್ಕರು ಆರ್ಲೀನ್. “ಮೊದ್ಲು ನಾ ಬೇಯಿಸಿದ ಪೈ ತಿನ್ನಿ, ಆಮೇಲೆ ನೋಡೋಣ.”

ಕೊನೆಗೆ ಆರ್ಲೀನ್ ತಮ್ಮಂದಿರನ್ನು ಒಪ್ಪಿಸಿದರು. ಪಾಲು ಮಾಡದೆ, ಮೂವರ ಹೆಸರಲ್ಲೇ ತೋಟ ಉಳಿಯಿತು. ಆ ದಿನ ಹಿಂದಿರುಗುವಾಗ ಇಂಗ್ರಿಡ್ ಕಾರಿನಲ್ಲಿ ಹಾಡು ಹೇಳಿದರು. ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹೋದ ವರ್ಷ ನಗರಸಭೆಗೆ ಕೈಗಾರಿಕೆಗೆ ಜಾಗ ಸಾಲದೆಂದು ಹೊಳೆಯಿತು. ಕಂಪ್ಯೂಟರ್ ಚಿಪ್ ಕಾರ್ಖಾನೆಯವರಿಗೆ ನೂರು ಎಕರೆಗೆ ಕಡಿಮೆಯಿಲ್ಲದ, ಸಮತಟ್ಟಾದ, ಒಂದೇ ತುಂಡಾದ ನೆಲ ಬೇಕಂತೆ. ಗೆರೆಯನ್ನು ಎತ್ತ ಸರಿಸಬೇಕೆಂದು ಹುಡುಕುವ ಕೆಲಸ ಇಂಗ್ರಿಡ್ ಅವರ ಮೇಜಿಗೇ ಬಂತು. ಕಳಪೆ ಮಣ್ಣಿನ ಕಡೆಯೆಲ್ಲ ಐದೈದು ಎಕರೆಯ ಮನೆಗಳು ನಿಂತಿದ್ದವು. ಅವನ್ನೆಲ್ಲ ಕೂಡಿಸಿ ಒಂದೇ ತುಂಡಾಗಿ ಕೇಳುವಂತೆಯೇ ಇರಲಿಲ್ಲ. ಇಡಿಯಾಗಿ ಉಳಿದಿದ್ದುದು ಒಂದೇ ಒಂದು, ಅದೂ ಇವರು ಉಳಿಸಿದ್ದು.

ಮೂರು ವಾರ ಅವರು ಆ ತೋಟದಲ್ಲಿ ಜೌಗು ಇದೆಯೇ, ಇಳಿಜಾರು ಇದೆಯೇ ಎಂದು ಅಳೆದರು. ಅದನ್ನು ಪಟ್ಟಿಯಿಂದ ಕೈಬಿಡಲು ಕಾರಣವಾಗುವಂಥದ್ದೇನೂ ಸಿಗಲಿಲ್ಲ.

“ಇಳಿಜಾರಿನ ಅಂಕಿ ಒಂಚೂರು ಏರಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?” ಎಂದೆ ನಾನು.

“ನಂಗೆ ಗೊತ್ತಾಗುತ್ತಲ್ಲ. ಇಷ್ಟು ವರ್ಷ ಬಿಲ್ಡರುಗಳು ಇದನ್ನೇ ಕೇಳಿದಾಗ ಬಾಗಿಲು ತೋರಿಸಿದೀನಿ.”

ಇದ್ದದ್ದು ಇದ್ದಂತೆ ಬರೆದು ಸಹಿ ಮಾಡಿದರು. ನನಗೆ ಅವರ ಮೇಲೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಭಿನಂದನ ಗ್ರಂಥದಲ್ಲಿ ಬರೆಯಬಾರದ ಮಾತಿದು ಎಂದು ಬಲ್ಲೆ.

ಸಾರ್ವಜನಿಕ ವಿಚಾರಣೆಯ ದಿನ ವರದಿ ಓದಿದವರು ಅವರೇ. ಆಮೇಲೆ ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ. ಎಂಬತ್ತೊಂದರ ಆರ್ಲೀನ್ ಮೈಕಿನ ಮುಂದೆ ಬಂದು ನಗರಸಭೆಯವರ ಕಡೆ ತಿರುಗಲೇ ಇಲ್ಲ.

“ಇಂಗ್ರಿಡ್, ನೀವು ಹೇಳಿದ ಹಾಗೇ ಮಾಡಿದೆ ನಾನು. ಅಷ್ಟೇ” ಎಂದು ಹೋಗಿ ಕೂತರು. ಅವರ ಉಳಿದ ಸಮಯವೆಲ್ಲ ಗಡಿಯಾರದಲ್ಲಿ ಓಡಿ ಮುಗಿಯುವವರೆಗೂ ಅಧ್ಯಕ್ಷರು ಮುಂದಿನವರನ್ನು ಕರೆಯಲಿಲ್ಲ. ಆಮೇಲೆ ಸದಸ್ಯರಿಂದ ಕೈ ಎತ್ತಿಸಿ ಮತ ಎಣಿಸಿದರು. ಗೆರೆ ಸರಿಯಿತು.

ಗೆರೆ ಸರಿದರೆ ಯಾರೂ ಮಾರಲೇಬೇಕೆಂದಿಲ್ಲ. ಆದರೆ ತಮ್ಮಂದಿರು ಈಗಿಲ್ಲ; ಅವರ ಮಕ್ಕಳಿಗೆ ತೋಟ ಬೇಡ. ಪಾಲಾಗದ ಆಸ್ತಿ, ಈಗ ಒಡೆದರೆ ಕಾರ್ಖಾನೆಯವರು ಕೊಳ್ಳುವುದಿಲ್ಲ, ಪೂರ್ತಿ ಮಾರಿಸಿಕೊಡಿ ಎಂದು ಅವರು ನ್ಯಾಯಾಲಯಕ್ಕೆ ಹೋದರು, ಗೆದ್ದರು. ಅಂದು ಪಾಲು ಮಾಡಿಕೊಂಡಿದ್ದರೆ ಆರ್ಲೀನ್ ಅವರ ಪಾಲಾದರೂ ಅವರಿಗೆ ಉಳಿಯುತ್ತಿತ್ತು. ಇದನ್ನು ಇಂಗ್ರಿಡ್ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತಿಯ ಮರುದಿನದಿಂದ ಅವರು ಬೆಳಿಗ್ಗೆಯೇ ಆ ಮನೆಗೆ ಹೋಗಿ, ಎಪ್ಪತ್ತು ವರ್ಷದ ಸಾಮಾನನ್ನು ಪೆಟ್ಟಿಗೆಗೆ ತುಂಬಲು ನೆರವಾಗುತ್ತಿದ್ದಾರೆ. ಆರ್ಲೀನ್ ಬಾಗಿಲು ತೆರೆಯುತ್ತಾರೆ, ಮಾತಾಡುವುದಿಲ್ಲ.

ಇಂಗ್ರಿಡ್ ಅವರಿಗೆ ನೂರು ವರ್ಷ ಆಯುಷ್ಯವಿರಲಿ. ಆರ್ಲೀನ್ ಅವರಿಗೂ ಇರಲಿ. ಹಿಡಿದ ಕೆಲಸ ಬೇಗ ಮುಗಿಯಲಿ ಎಂದು ಹಾರೈಸುವುದು ವಾಡಿಕೆ. ಪೆಟ್ಟಿಗೆ ತುಂಬುವ ಈ ಒಂದು ಕೆಲಸ ಮಾತ್ರ ಮುಗಿಯದಿರಲಿ.