ಗುಬ್ಬಿಯ ಮೇಡಂ ಆರಿಸಿದ ಡಿಎನ್‌ಎಸ್

ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸೋಕೆ ಗುಬ್ಬಿಯ ಒಂದು ಆನ್‌ಲೈನ್ ಸೆಂಟರ್‌ಗೆ ಹೋಗಿದ್ದೆ. ಅಂಗಡಿಯ ಮೇಡಂ ನನ್ನ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡಿ, ಸೈಟಿನ ಹೆಸರು ಟೈಪ್ ಮಾಡಿದರು. ಪರದೆ ಬೆಳ್ಳಗೆ ನಿಂತೇಬಿಟ್ಟಿತು. ಯಾವ ಸೈಟ್ ಆದರೂ ತೆರೆಯುವಾಗ ಹೀಗೇ, ತೆರೆದ ಮೇಲೆ ಚೆನ್ನಾಗಿ ಓಡುತ್ತೆ ಎಂದರು. ಇನ್ನು ನನ್ನ ಕೈ ಸುಮ್ಮನಿರುತ್ತದೆಯೇ?

“ಇದು ಡಿಎನ್‌ಎಸ್ ಕಿತಾಪತಿ ಮೇಡಂ. ಸೈಟಿನ ಹೆಸರು ಹೇಳಿದ್ರೆ ವಿಳಾಸ ಹುಡುಕಿಕೊಡೋನು ಅವನು. ನಿಮ್ಮ ನೆಟ್ ಕಂಪನಿಯೋನು ನಿಧಾನ. ಬೇರೆಯವ್ರದ್ದು ಪುಕ್ಕಟೆ ಹಾಕ್ಕೋಬೋದು.”

ಅವರು ಕುರ್ಚಿ ಬಿಟ್ಟುಕೊಟ್ಟರು. ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ನಂಬರ್ ಬದಲಾಯಿಸಿದೆ. ಸೈಟ್ ತಟ್ಟನೆ ತೆರೆಯಿತು. ಕ್ಯೂನಲ್ಲಿದ್ದವರೂ ಬಗ್ಗಿ ನೋಡಿದರು.

ಮೇಡಂ ಮಾತ್ರ ನಗಲಿಲ್ಲ. “ಪುಕ್ಕಟೆ ಯಾಕ್ ಹುಡುಕಿಕೊಡ್ತಾನೆ ಸಾರ್? ನಾವು ಯಾವ್ಯಾವ ಸೈಟ್ ನೋಡಿದ್ವಿ ಅಂತ ಬರ್ಕೊತಾನಾ?”

ಎಷ್ಟೋ ಜನಕ್ಕೆ ಈ ನಂಬರ್ ಹಾಕಿಕೊಟ್ಟಿದ್ದೇನೆ, ಒಬ್ಬರೂ ಇದನ್ನು ಕೇಳಿರಲಿಲ್ಲ. ನನಗೆ ಖುಷಿಯೋ ಖುಷಿ. ಕ್ಯೂ ಕಾಯುತ್ತಿದ್ದರೂ ಇಬ್ಬರೂ ಕೂತು ಪುಕ್ಕಟೆ ಡಿಎನ್‌ಎಸ್ ಕೊಡುವ ಕಂಪನಿಗಳ ನಿಯಮ ಓದಿದೆವು. ನಾನು ಹಾಕಿದವನು ಬರೆದಿಟ್ಟುಕೊಳ್ಳುತ್ತಾನಂತೆ.

“ತೆಗೀರಿ ಅವನ್ನ.”

ಇನ್ನೊಬ್ಬ ಒಂದೇ ದಿನದಲ್ಲಿ ಅಳಿಸಿಹಾಕುತ್ತಾನಂತೆ, ವೇಗ ಒಂಚೂರು ಕಮ್ಮಿ.

“ಇವನೇ ಇರ್ಲಿ ಸಾರ್. ಮರ್ಯಾದಸ್ಥ.”

ಅರ್ಜಿ ಹೋಯಿತು. ಪ್ರಿಂಟ್ ಕೊಡಲು ಅವರು ಬ್ರೌಸರ್ ಮುಚ್ಚಿದರು. ಹಿಂದೆ ಡೆಸ್ಕ್‌ಟಾಪ್ ತುಂಬ ಗುಬ್ಬಿ, ಪಕ್ಕದ ಕಡಬದವರ ಆಧಾರ್ ಕಾರ್ಡುಗಳು, ಒಂದೊಂದರ ಕೆಳಗೂ ಹೆಸರು. ಕೊನೆಯದು ನನ್ನದು.

“ಇವನ್ನೆಲ್ಲ ಅಳಿಸಲ್ವಾ ಮೇಡಂ?”

“ಎಲ್ಲಾ ಗೊತ್ತಿರೋರೇ ಅಲ್ವಾ ಸಾರ್. ಮುಂದಿನ ಸಲ ನೀವು ಕಾರ್ಡ್ ತರೋದೇ ಬೇಡ.”

ಹೋದ ವಾರ ಮತ್ತೆ ಹೋಗಿದ್ದೆ. ಕಾರ್ಡ್ ಮನೆಯಲ್ಲೇ ಬಿಟ್ಟು.