ಮಾತು ಎತ್ತಿಕೊಡುವ ಹೊನ್ನಪ್ಪ

ರಾಜಾಜಿನಗರದ ಹವ್ಯಾಸಿ ನಾಟಕ ತಂಡದಲ್ಲಿ ಹೊನ್ನಪ್ಪನವರ ಕೆಲಸವೆಂದರೆ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು. ಆ ಚಾಳಿ ರಂಗದ ಹೊರಗೂ ಅವರನ್ನು ಬಿಟ್ಟಿಲ್ಲ. ಕ್ಲಿನಿಕ್ಕಿನಲ್ಲಿ ಡಾಕ್ಟರು "ನಿಮಗಿರೋದು..." ಎಂದು ಒಂದು ಗಳಿಗೆ ತಡೆದರೆ ಸಾಕು, "ಶುಗರ್ರು, ಸಾರ್" ಎಂದುಬಿಡುತ್ತಾರೆ. ಮದುವೆಮನೆಯಲ್ಲಿ ಹೆಂಡತಿಯ ಹೆಸರು ಹೇಳಲು ಗಂಡು ನಾಚಿದರೆ ಹಿಂದಿನಿಂದ ಇವರೇ ಹೇಳಿ ಮುಗಿಸುತ್ತಾರೆ. ಟಿ.ವಿ. ಧಾರಾವಾಹಿ ಕಂಡರೆ ಮಾತ್ರ ಮುಖ ಸಿಂಡರಿಸುತ್ತಾರೆ. "ಒಬ್ರೂ ತಡವರಿಸಲ್ವಲ್ಲ, ಅದೆಂಥ ನಾಟಕ" ಎಂಬುದು ಅವರ ದೂರು. ಹಾಗಾಗಿ ತಂಡದವರು ಹೊಸ ನಾಟಕದ ವಿಡಿಯೊ ಮಾಡಿಸಿ ಸಿ.ಡಿ. ತಂದುಕೊಟ್ಟಾಗ, ಮರೆವೇ ಇಲ್ಲದ ಈ ತಟ್ಟೆಯ ಮುಂದೆ ಇನ್ನು ತನಗೇನು ಕೆಲಸವೆಂದು ಎರಡು ದಿನ ಅದನ್ನು ಮುಟ್ಟಲೇ ಇಲ್ಲ. ಕೊನೆಗೆ ಹೆಂಡತಿ ಯಶೋದಮ್ಮನೇ ಹಾಕಿದರು. ಎರಡನೆಯ ಅಂಕದಲ್ಲಿ ರಾಜನ ಪಾತ್ರದವನು ಮಾತು ಮರೆತು ಗಕ್ಕನೆ ನಿಂತ. ಹೊನ್ನಪ್ಪ ಸೋಫಾದ ತುದಿಗೆ ಸರಿದು, ಬಾಯಿಗೆ ಕೈ ಮರೆಮಾಡಿಕೊಂಡು, ಟಿ.ವಿ.ಯತ್ತ ಪಿಸುಗುಟ್ಟಿದರು. ರಾಜ ಮಾತು ಮುಂದುವರಿಸಿದ. "ಅದು ಹೋದ ತಿಂಗಳೇ ಮುಗಿದ ನಾಟಕ ಕಣ್ರೀ" ಎಂದರು ಯಶೋದಮ್ಮ. ಹೊನ್ನಪ್ಪ ಹಣೆಯ ಬೆವರೊರೆಸಿಕೊಂಡು ಹಿಂದಕ್ಕೆ ಒರಗಿದರು. "ಇರಲಿ ಕಣೇ. ಸದ್ಯ, ಇವತ್ತೂ ದಾಟಿಕೊಂಡ."