ಎಡಗೈಯ ಕವಡೆ

ಅಪ್ಪನ ಪಾದವೂ ನನ್ನ ಪಾದವೂ ಯಾವಾಗ ಒಂದೇ ಅಳತೆಗೆ ಬಂದವೋ ತಿಳಿಯದು. ಜಹೀರಾಬಾದಿನ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಬಗೆಯ, ಒಂದೇ ಬಣ್ಣದ ಚಪ್ಪಲಿ ಕೊಂಡ ದಿನದಿಂದ ನಮ್ಮ ಹೊಸ್ತಿಲಾಚೆ ನಿತ್ಯವೂ ಒಂದು ತತ್ತ್ವಜಿಜ್ಞಾಸೆ ನಡೆಯುತ್ತದೆ: ಯಾವುದು ಯಾರದು? ಅಪ್ಪನವು ಹಿಮ್ಮಡಿಯಲ್ಲಿ ಹೊರಬದಿಗೆ ಸವೆದಿವೆ ಎಂಬುದೊಂದೇ ಪ್ರಮಾಣ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಪಾಸಾದ ನಾನು ಈ ವ್ಯಾಜ್ಯದಲ್ಲಿ ಸಾಮಾನ್ಯವಾಗಿ ಸೋಲುತ್ತೇನೆ.

ದಿನಚರಿ ಬರೆಯುವ ಚಟದವನಾದ್ದರಿಂದ, ನಿನ್ನೆ ಉಂಡದ್ದನ್ನೂ ಬರೆದು ನೋಡದೆ ನಂಬುವವನಲ್ಲ ನಾನು. ಅಜ್ಜಿಯ ವಿಷಯದಲ್ಲಿ ಮಾತ್ರ ನಿಶ್ಚಿಂತನಾಗಿದ್ದೆ. ನಾನು ತೀರ ಚಿಕ್ಕವನಿದ್ದಾಗಲೇ ಹೋದ ಅವಳದೆಂದು ನನ್ನಲ್ಲಿ ಉಳಿದಿರುವುದು ಒಂದೇ ಚಿತ್ರ: ತಾಂಡೂರಿನ ಹಳೆಯ ಮನೆಯ ಪಡಸಾಲೆ, ನೆಲದ ಫರ್ಸಿಕಲ್ಲಿನಲ್ಲೇ ಕೊರೆದ ಚೌಕಾಬಾರದ ಮನೆಗಳು, ಹಸಿರು ಬಳೆಯ ಎಡಗೈಯೊಂದು ಕವಡೆಗಳನ್ನು ಕುಲುಕಿ ಚೆಲ್ಲುವುದು. ಮುಖವಿಲ್ಲ, ದನಿಯಿಲ್ಲ. ಆ ಕೈಯೇ ನನ್ನ ಅಜ್ಜಿ.

ಅಪ್ಪ ತಾನು ಹುಟ್ಟಿದ ಮನೆ ನೋಡಬೇಕೆಂದಾಗ, ಆ ಕಲ್ಲನ್ನು ಮುಟ್ಟಿಬರುವ ಆಸೆಯಿಂದ ನಾನೂ ಹೊರಟೆ. ತಾಂಡೂರಿನಲ್ಲಿ ಪಡಸಾಲೆಯಿತ್ತು, ನೆಲ ಮಾತ್ರ ಮುಖ ಕಾಣುವಷ್ಟು ನುಣುಪಾದ ಟೈಲ್ಸು. ಅದರಲ್ಲಿ ನನ್ನ ಮುಖವೂ ಪೆಚ್ಚಾಗಿಯೇ ಕಂಡಿತು. ಕಲ್ಲೆಲ್ಲಿ ಎಂದು ಕೇಳಿದ್ದಕ್ಕೆ ಅಲ್ಲೇ ಇರುವ ಅಪ್ಪನ ತಮ್ಮ, ನಮ್ಮ ಕಾಕಾ, ನಕ್ಕರು.

“ಆ ಕಲ್ಲು ಇಲ್ಲೆಲ್ಲದಪ? ಖೇಡದಾಗ ಅಕ್ಕನ ಮನ್ಯಾಗ ಅದ. ಪಡಸಾಲಿ ಬಿಚ್ಚಿದಾಗ ಲಾರಿ ಮ್ಯಾಗ ಹಾಕ್ಕೊಂಡು ಹೋಗ್ಯಾಳ.”

ಈ ಕಡೆ ಮನೆ ಬಿಚ್ಚಿದರೂ ಫರ್ಸಿಯನ್ನು ಬಿಸಾಡುವ ಪದ್ಧತಿಯಿಲ್ಲ. ಒಬ್ಬರ ಪಡಸಾಲೆ ಇನ್ನೊಬ್ಬರ ಬಚ್ಚಲಾಗಿಯೋ ದನದ ಕೊಟ್ಟಿಗೆಯಾಗಿಯೋ ಪುನರ್ಜನ್ಮ ಪಡೆಯುತ್ತದೆ. ಸರಿ, ಕಲ್ಲಿನ ಬೆನ್ನು ಹತ್ತಿ ಮುಂದಿನ ವಾರ ಅಪ್ಪನ ಅಕ್ಕನಿರುವ ನಾರಾಯಣಖೇಡಕ್ಕೆ ಹೋದೆವು.

“ಬಾರೋ ತಮ್ಮಾ, ದಾರಿ ಈಗರೆ ನೆಪ್ಪಾತೇನು?” ಎಂದು ಅತ್ತೆ ಅಪ್ಪನನ್ನು ಬಾಗಿಲಲ್ಲೇ ಚುಚ್ಚಿದಳು. ಹಲ್ಲು ಹೋಗಿದ್ದರೂ ಮಾತಿನ ಮೊನೆ ಹೋಗಿರಲಿಲ್ಲ. ಒಳಗೆ, ಅವಳ ಪಡಸಾಲೆಯ ನಡುವೆ, ಅದೇ ಕಲ್ಲು. ಕುಳಿತು ಸವರುತ್ತ ಅಜ್ಜಿಯ ಕೈಯ ಕಥೆ ಹೇಳಿದೆ. ಅತ್ತೆ ಕಣ್ಣರಳಿಸಿದಳು.

“ನೀ ಹುಟ್ಟೂಕಿಂತ ಮೊದ್ಲೇ ಇದು ಇಲ್ಲಿ ಬಂದದಲ್ಲೋ! ಮತ್ತ ಅವ್ವ ಎಡಗೈಲೆ ಆಡೂದಾ? ಎಡಗೈಲೆ ಕವಡಿ ಚೆಲ್ಲಿದ್ರ ಲಕ್ಷ್ಮಿ ಹೋಗ್ತಾಳಂತ ನನಗ ಬಾರಿಸ್ತಿದ್ಳು. ಅದಕ್ಕೇ ಹಟಾ ಮಾಡಿ ಈ ಕಲ್ಲು ತಂದೀನಿ. ನನ್ನ ಮನ್ಯಾಗ ಯಾರು ಬಾರಿಸ್ತಾರ?”

“ಖರೇ. ಅವ್ವಂದು ಬಲಗೈನೇ,” ಎಂದ ಅಪ್ಪ.

ಅತ್ತೆ ಗೂಡಿನಿಂದ ಕವಡೆ ತೆಗೆದು ನಮ್ಮಿಬ್ಬರನ್ನೂ ಆಟಕ್ಕೆ ಕೂರಿಸಿದಳು. ಎಡಗೈಯಲ್ಲಿ ಕುಲುಕಿದಳು. ಹಸಿರು ಬಳೆಗಳು ಮೊಣಕೈಯತ್ತ ಜಾರಿ, ಕವಡೆ ಚೆಲ್ಲುವಾಗ ಮತ್ತೆ ಮಣಿಕಟ್ಟಿಗೆ ಬಂದವು. ಅದೇ ಕೈ.

ಪಡಸಾಲೆಯನ್ನು ಅಪ್ಪ ಹೇಳುತ್ತಿದ್ದ ಕಥೆಗಳಿಂದ ಎತ್ತಿಕೊಂಡಿದ್ದೆನೇನೋ. ಕೈಯನ್ನು, ಯಾವುದೋ ರಜೆಯಲ್ಲಿ, ಇಲ್ಲಿಂದ. ಎರಡನ್ನೂ ಹೊಲಿದು ಅದಕ್ಕೆ ಅಜ್ಜಿ ಎಂದು ಹೆಸರಿಟ್ಟವನು ಯಾರು? ನಾನೇ ಇರಬೇಕು, ಖಾತ್ರಿಯಿಲ್ಲ. ಅಜ್ಜಿ ತೀರಿಹೋದದ್ದು ನನಗೆ ನಿಜವಾಗಿ ತಿಳಿದದ್ದು ಆ ಮಧ್ಯಾಹ್ನ. ನನ್ನ ಪಾಲಿಗೆ ಅವಳ ಒಂದು ಬೆರಳೂ ಉಳಿಯಲಿಲ್ಲ. ಆದರೆ ಇಷ್ಟು ವರ್ಷ ಸತ್ತವಳದೆಂದು ಜೋಪಾನ ಮಾಡಿದ್ದ ಕೈ ನನ್ನೆದುರೇ ಅಪ್ಪನ ಕಾಯಿ ಹೊಡೆದು, ಬೀಗುತ್ತ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿತ್ತು. ದುಃಖಪಡುವುದೋ, ಹಿಗ್ಗುವುದೋ? ಇಂಥ ಪ್ರಶ್ನೆಗೆ ತರ್ಕಶಾಸ್ತ್ರದಲ್ಲಿ ಉತ್ತರವಿದ್ದರೆ ಆ ಪಾಠದ ದಿನ ನಾನು ಗೈರುಹಾಜರಾಗಿದ್ದೆ.

“ಏನ್ ಮಾರಿ ನೋಡ್ತಿ? ಆಡೋ, ನಿನ್ನ ಪಾಳಿ,” ಎಂದಳು ಅತ್ತೆ.

ಬಲಗೈ ಚಾಚಿದವನು ಹಿಂದೆಗೆದು ಎಡಗೈಯಲ್ಲಿ ಕವಡೆ ಚೆಲ್ಲಿದೆ. ಅವು ಹೊಸ್ತಿಲತನಕ ಉರುಳಿದವು. ಅತ್ತೆ ಕೆಮ್ಮು ಬರುವವರೆಗೆ ನಕ್ಕಳು.

ಸಂಜೆ ಬಸ್ ನಿಲ್ದಾಣದಲ್ಲಿ ನನ್ನ ಒಂದು ಕಾಲು ಹೊರಕ್ಕೆ ವಾಲುತ್ತಿದೆ ಅನ್ನಿಸಿ ಬಗ್ಗಿ ನೋಡಿದೆ: ಎಡಗಾಲಲ್ಲಿ ಅಪ್ಪನ ಚಪ್ಪಲಿ. ನನ್ನದು ಅಪ್ಪನ ಕಾಲಲ್ಲಿತ್ತು. ಹೇಳಬೇಕೆನ್ನುವಷ್ಟರಲ್ಲಿ ಜಹೀರಾಬಾದಿನ ಬಸ್ ಬಂತು. ಹಾಗೇ ಹತ್ತಿದೆವು.